ಬಚ್ಚಲಿಗೆ ಬಂದ ಗೋಧಿ, ತಟ್ಟೆಯಿಂದ ಹೋದ ಬೇಳೆ

ಪ್ರಶ್ನೆ: ನಮ್ಮದು ಸುತ್ತೂರು. ಕಬಿನಿ ನಾಲೆ ಬಯಲಲ್ಲಿ ಎರಡು ಎಕರೆ ಗದ್ದೆ, ಮೇಲೆ ಒಂದಿಷ್ಟು ಹೊಲ ಇದೆ. ಒಬ್ಬಳೇ ಮಗಳು, ಇಪ್ಪತ್ತು ವರ್ಷ. ಮೈಸೂರಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಕಾಂ. ಓದುತ್ತಿದ್ದಾಳೆ. ಜಡೆ ಸೊಂಟ ಮುಟ್ಟುತ್ತದೆ. ದೀಪಾವಳಿಗೆ ಬಂದಾಗಿನಿಂದ ಬಾಚಣಿಗೆ ತುಂಬ ಕೂದಲು, ಅದನ್ನು ನೋಡಿ ನೋಡಿ ಅಳುತ್ತಾಳೆ. ಮೊಬೈಲಲ್ಲಿ ನೋಡಿ, ಗೆಳತಿಯರ ಮಾತು ಕೇಳಿ ‘ಪ್ಲಾಂಟ್ ಕೆರಾಟಿನ್’ ಶಾಂಪೂ, ‘ರೈಸ್ ಪ್ರೋಟೀನ್’ ಮಾಸ್ಕ್, ಮುಖಕ್ಕೆ ಸೋಯಾದ್ದೊಂದು ಸೀರಮ್ ಅಂತ ಎರಡು ಸಾವಿರದ ಹತ್ತಿರ ಖರ್ಚು ಮಾಡಿದ್ದಾಳೆ. ಮಾಸ್ಕ್ ಹಚ್ಚಿದ ಎರಡು ಸಲವೂ ಕಿವಿ ಹಿಂದೆ, ಕುತ್ತಿಗೆಯಲ್ಲಿ ನವೆ ಬಂತು.

ನಮ್ಮತ್ತೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದವರು. ಕೆರಾಟಿನ್ ಅಂದರೆ ಕೊಂಬು, ಗೊರಸು, ಕೋಳಿ ಪುಕ್ಕದಿಂದ ತೆಗೆಯೋದು ಅಂತ ಯಾರೋ ಹೇಳಿದ್ದಾರೆ. ಆ ಬಾಟಲಿ ಬಚ್ಚಲಲ್ಲಿ ಇರಕೂಡದು ಅಂತ ಪಟ್ಟು ಹಿಡಿದಿದ್ದಾರೆ. ಸೀಗೆ, ಚಿಗರೆಪುಡಿ, ಹೆಸರುಹಿಟ್ಟಲ್ಲೇ ನಾವೆಲ್ಲ ಕೂದಲು ಬೆಳೆಸಲಿಲ್ವಾ ಅಂತಾರೆ. ಇದೂ ಗಿಡದ್ದೇ ಅಜ್ಜಿ ಅಂತ ಇವಳು. ಮಧ್ಯೆ ನಾನು. ಮಾಘದಲ್ಲಿ ನನ್ನ ತಮ್ಮನ ಮದುವೆ. ಅಷ್ಟರೊಳಗೆ ಪಾರ್ಲರ್‌ನಲ್ಲಿ ಆರೂವರೆ ಸಾವಿರ ಕೊಟ್ಟು ‘ಪ್ಲಾಂಟ್ ಪ್ರೋಟೀನ್ ಸ್ಮೂತನಿಂಗ್’ ಮಾಡಿಸಬೇಕಂತೆ, ಅದರಲ್ಲಿ ಕೆಮಿಕಲ್ಲೇ ಇಲ್ಲವಂತೆ. ಕೊಡಿಸಲೋ ಬೇಡವೋ ತಿಳಿಯದು. ಆಗಸ್ಟ್ ಕೊನೆಯಲ್ಲಿ ಡೆಂಗಿ ಆಗಿ ಮಲಗಿದ್ದಳು, ಆಮೇಲೆ ಊಟ ಸೇರುತ್ತಿರಲಿಲ್ಲ, ಈಗ ದಪ್ಪಗಾಗುತ್ತೀನಿ ಅಂತ ರಾತ್ರಿ ಊಟವನ್ನೇ ಬಿಟ್ಟಿದ್ದಾಳೆ. ಅದು ಬೇರೆ ಚಿಂತೆ.

— ಹೆಸರು ಹಾಕಬೇಡಿ, ಸುತ್ತೂರು

ಉತ್ತರ: ತಾಯಿ, ಕಾಗದದ ಕೊನೆಯಲ್ಲಿ ‘ಅದು ಬೇರೆ ಚಿಂತೆ’ ಎಂದು ಬರೆದಿದ್ದೀರಲ್ಲ, ನಾನು ಅಲ್ಲಿಂದಲೇ ಹಿಡಿಯುತ್ತೇನೆ. ಅದು ಬೇರೆಯಲ್ಲ. ಆಗಸ್ಟ್ ಕೊನೆಗೆ ಡೆಂಗಿ, ದೀಪಾವಳಿಗೆ ಬಾಚಣಿಗೆ ತುಂಬ ಕೂದಲು. ಈ ಎರಡರ ನಡುವೆ ಎರಡು, ಎರಡೂವರೆ ತಿಂಗಳ ಅಂತರ ಇದೆ ನೋಡಿ, ವೈದ್ಯರು ಮೊದಲು ಕೇಳುವುದೇ ಅದನ್ನು.

ನಮ್ಮ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ಹೆಚ್ಚಿನವು ಬೆಳೆಯುತ್ತಿರುತ್ತವೆ, ಒಂದು ಸಣ್ಣ ಪಾಲು ಬೆಳವಣಿಗೆ ನಿಲ್ಲಿಸಿ ಉದುರುವ ಸರದಿಯಲ್ಲಿರುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಯಾರಿಗಾದರೂ ಇದ್ದದ್ದೇ. ಜೋರು ಜ್ವರ ಬಂದಾಗ, ಹೆರಿಗೆಯಾದಾಗ, ಊಟ ಒಮ್ಮೆಲೇ ಕಡಿಮೆಯಾದಾಗ, ಬೆಳೆಯುತ್ತಿದ್ದ ಕೂದಲಲ್ಲಿ ಬಹಳಷ್ಟು ಒಟ್ಟಿಗೇ ನಿಂತುಬಿಡುತ್ತವೆ. ನಿಂತದ್ದು ಆವತ್ತೇ ಬೀಳುವುದಿಲ್ಲ. ಎರಡು ಮೂರು ತಿಂಗಳು ಬುಡದಲ್ಲೇ ಕೂತಿದ್ದು ಆಮೇಲೆ ಗೊಂಚಲು ಗೊಂಚಲಾಗಿ ಕೈಗೆ ಬರುತ್ತದೆ. ಟೆಲೊಜೆನ್ ಎಫ್ಲೂವಿಯಮ್ ಎಂದು ವೈದ್ಯರು ಕರೆಯುವುದು ಇದನ್ನೇ. ಡೆಂಗಿ, ಟೈಫಾಯ್ಡ್, ಕೋವಿಡ್ ಆದವರಲ್ಲಿ ಎಷ್ಟೋ ಜನರಿಗೆ ಹೀಗಾಗಿದೆ. ಬುಡ ಸತ್ತಿರುವುದಿಲ್ಲ, ಹೊಸ ಕೂದಲು ಒಳಗೆ ತಯಾರಾಗುತ್ತಲೇ ಇರುತ್ತದೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ತಾನಾಗಿಯೇ ಹತೋಟಿಗೆ ಬರುತ್ತದೆ. ಅಳುತ್ತಿರುವ ಹುಡುಗಿಗೆ ಎಲ್ಲಕ್ಕಿಂತ ಮೊದಲು ಈ ಮಾತು ಹೇಳಿ. ತಲೆ ಬೋಳಾಗುತ್ತದೆ ಎನ್ನುವ ಭಯ ಹೋದರೆ ಅರ್ಧ ಖರ್ಚು ಅಲ್ಲಿಗೇ ನಿಲ್ಲುತ್ತದೆ.

ಆದರೆ ಆ ಹೊಸ ಕೂದಲಿಗೆ ಸಾಮಾನು ಬೇಕು. ರಾತ್ರಿ ಊಟ ಬಿಟ್ಟವಳ ಮೈಗೆ ಅದು ಎಲ್ಲಿಂದ ಬರಬೇಕು? ಮೈಗೆ ಅನ್ನ, ಬೇಳೆ ಸಾಲದಾದಾಗ ಅದು ಹೃದಯ, ರಕ್ತ, ಸ್ನಾಯುಗಳಿಗೆ ಮೊದಲು ಹಂಚುತ್ತದೆ. ಕೂದಲಿನ ಸರದಿ ಕಟ್ಟಕಡೆಗೆ. ಹಾಗಾಗಿ ಜ್ವರದಿಂದ ಶುರುವಾದ ಉದುರುವಿಕೆ ಉಪವಾಸದಿಂದ ಮುಂದುವರಿಯುವ ಸಾಧ್ಯತೆ ಇದೆ. ನನಗೆ ನಿಮ್ಮ ಕಾಗದದಲ್ಲಿ ಚಿಂತೆ ತಂದದ್ದು ಶಾಂಪೂ ಅಲ್ಲ, ಈ ಸಾಲು.

ಇನ್ನು ಬಾಟಲಿಯ ವಿಚಾರ. ಅತ್ತೆಯವರ ಸಂಶಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ, ಅವರು ಕೇಳಿದ್ದು ನಿಜವೇ. ಕೂದಲು, ಉಗುರು, ಕೊಂಬು, ಗೊರಸು, ಕುರಿಯ ಉಣ್ಣೆ, ಹಕ್ಕಿಯ ಪುಕ್ಕ ಎಲ್ಲವೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು. ಕೂದಲಿನ ಕ್ರೀಮುಗಳಿಗೆ ಹಾಕುವ ಕೆರಾಟಿನ್ನನ್ನು ಉಣ್ಣೆಯಿಂದ, ಪುಕ್ಕದಿಂದ, ಕೊಂಬುಗೊರಸಿನಿಂದ ತೆಗೆಯುವುದುಂಟು. ಮಗಳ ಮಾತಲ್ಲೂ ನಿಜವಿದೆ, ಆದರೆ ಪೂರ್ತಿಯಾಗಿ ಅಲ್ಲ. ಯಾವ ಗಿಡದಲ್ಲೂ ಈ ಕೆರಾಟಿನ್ ಇಲ್ಲ. ‘ಪ್ಲಾಂಟ್ ಕೆರಾಟಿನ್’ ಎಂದು ಮಾರುವುದು ಸಾಮಾನ್ಯವಾಗಿ ಗೋಧಿ, ಸೋಯಾ, ಮುಸುಕಿನ ಜೋಳದ ಪ್ರೋಟೀನುಗಳನ್ನು ಕತ್ತರಿಸಿ, ಕೂದಲಲ್ಲಿರುವ ಅಮೈನೊ ಆಮ್ಲಗಳ ಪ್ರಮಾಣಕ್ಕೆ ಹತ್ತಿರವಾಗುವಂತೆ ಬೆರೆಸಿದ ಮಿಶ್ರಣ. ಪ್ರಾಣಿಯದ್ದಲ್ಲ ಎನ್ನುವುದು ಸರಿ, ಕೆರಾಟಿನ್ ಎನ್ನುವುದು ತಪ್ಪು. ‘ಪ್ಲಾಂಟ್ ಕೊಲಾಜೆನ್’ ಎಂದು ಮುಖಕ್ಕೆ ಮಾರುವುದರ ಕತೆಯೂ ಇದೇ. ಕೊಲಾಜೆನ್ ಪ್ರಾಣಿಗಳ ಮೈಯಲ್ಲಿ ಮಾತ್ರ ಇರುವಂಥದ್ದು.

ಬಾಟಲಿಯ ಹಿಂಬದಿ ತಿರುಗಿಸಿ ಓದಿ. ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್, ಸೋಯ್ ಪ್ರೋಟೀನ್, ರೈಸ್ ಪ್ರೋಟೀನ್, ಪೀ ಪ್ರೋಟೀನ್ ಎಂದಿದ್ದರೆ ಗೋಧಿ, ಸೋಯಾ, ಅಕ್ಕಿ, ಬಟಾಣಿ. ಬರೀ ‘ಹೈಡ್ರೊಲೈಸ್ಡ್ ಕೆರಾಟಿನ್’ ಎಂದಿದ್ದರೆ ಅದು ಪ್ರಾಣಿಯದ್ದೆಂದೇ ತಿಳಿಯಿರಿ. ಸಿಲ್ಕ್ ಅಮೈನೊ ಆ್ಯಸಿಡ್ ಎಂದಿದ್ದರೆ ರೇಷ್ಮೆಹುಳುವಿನದ್ದು. ತಿಂಡಿ ಪೊಟ್ಟಣದ ಮೇಲಿರುವಂಥ ಹಸಿರು ಚುಕ್ಕೆಯನ್ನು ಶಾಂಪೂ, ಕ್ರೀಮುಗಳ ಮೇಲೂ ಹಲವು ಕಂಪನಿಗಳು ಹಾಕುತ್ತವೆ, ಅದನ್ನೂ ಹುಡುಕಿ. ಇಷ್ಟನ್ನು ಅಜ್ಜಿ ಮೊಮ್ಮಗಳು ಒಟ್ಟಿಗೆ ಕೂತು ಓದಲಿ. ಸಸ್ಯದ್ದೇ ಎಂದು ಖಾತ್ರಿಯಾದರೆ ಅತ್ತೆಯವರ ಆಕ್ಷೇಪಕ್ಕೆ ಉತ್ತರ ಸಿಕ್ಕಿತು. ಪ್ರಾಣಿಯದ್ದಾಗಿದ್ದರೆ, ಲಿಂಗ ಕಟ್ಟಿದ ಹಿರಿಯರು ಮೀಯುವ ಬಚ್ಚಲಿನಿಂದ ಅದನ್ನು ತೆಗೆದಿಡುವುದು ಅವರಿಗೆ ಸಲ್ಲಬೇಕಾದ ಗೌರವ, ಮಗಳಿಗೂ ಹಾಗೇ ಹೇಳಿ.

ಓದುವಾಗ ಇನ್ನೊಂದು ಸಂಗತಿ ಗಮನಿಸಿ. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮದಂತೆ ಯಾವ ಪದಾರ್ಥ ಹೆಚ್ಚಿದೆಯೋ ಅದು ಪಟ್ಟಿಯಲ್ಲಿ ಮೊದಲು ಬರಬೇಕು. ನೂರಕ್ಕೆ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ ಇರುವವುಗಳನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಪ್ರೋಟೀನಿನ ಹೆಸರು ಹೆಚ್ಚಾಗಿ ಸಿಗುವುದು ಈ ಬಾಲದಲ್ಲೇ, ಸುಗಂಧದ ಆಚೆ ಈಚೆ. ನೂರಕ್ಕೆ ಒಂದೇ ಪಾಲು ಇದೆ ಎಂದಿಟ್ಟುಕೊಳ್ಳೋಣ, 200 ಗ್ರಾಮ್ ಮಾಸ್ಕ್‌ನಲ್ಲಿ 2 ಗ್ರಾಮ್ ಪ್ರೋಟೀನ್. ಹತ್ತು ಗ್ರಾಮ್ ಹೆಸರುಕಾಳಲ್ಲಿ ಅದಕ್ಕಿಂತ ತುಸು ಹೆಚ್ಚೇ ಇರುತ್ತದೆ.

ಹಾಗಾದರೆ ಆ ಎರಡು ಗ್ರಾಮ್ ದಂಡವೇ? ಇಲ್ಲ. ಮಗಳ ಆಸೆಗೆ ಅನ್ಯಾಯ ಮಾಡಬಾರದು, ಅದು ಮಾಡುವ ಕೆಲಸ ಒಂದಿದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟ ಮುಟ್ಟುವ ಜಡೆ ಎಂದರೆ ಎಪ್ಪತ್ತು ಎಂಬತ್ತು ಸೆಂಟಿಮೀಟರ್. ಲೆಕ್ಕ ಹಾಕಿ, ಅವಳ ಜಡೆಯ ತುದಿ ಬುಡದಲ್ಲಿ ಹುಟ್ಟಿದ್ದು ಅವಳು ಹೈಸ್ಕೂಲಿನಲ್ಲಿದ್ದಾಗ. ಅಷ್ಟು ವರ್ಷದ ಬಿಸಿಲು, ಬಾಚಣಿಗೆ, ರಬ್ಬರ್ ಬ್ಯಾಂಡ್, ತಲೆಸ್ನಾನ ಎಲ್ಲವನ್ನೂ ಆ ತುದಿ ಕಂಡಿದೆ. ಕೂದಲಿನ ಮೇಲೆ ಮೀನಿನ ಹುರುಪೆಗಳ ಥರ ಒಂದರ ಮೇಲೊಂದು ಕೂತ ಪದರವೊಂದಿರುತ್ತದೆ, ತುದಿಗೆ ಬರುವಷ್ಟರಲ್ಲಿ ಅದು ಎದ್ದು ಸವೆದಿರುತ್ತದೆ. ಅಂಥ ಕಡೆ ಕೂದಲು ಋಣ ವಿದ್ಯುದಂಶ ಹೊತ್ತಿರುತ್ತದೆ, ಧನ ಅಂಶವಿರುವ ಪ್ರೋಟೀನ್ ತುಣುಕು ಹೋಗಿ ಅಂಟುತ್ತದೆ. ಗೋಧಿ, ಅಕ್ಕಿಯ ಪ್ರೋಟೀನನ್ನು ಕಿಣ್ವ ಅಥವಾ ಆಮ್ಲದಿಂದ ಚೂರು ಮಾಡುವುದೇ ಇದಕ್ಕಾಗಿ. ದೊಡ್ಡ ತುಣುಕು ಮೇಲೆ ತೆಳ್ಳನೆ ಪೊರೆಯಾಗಿ ಕೂರುತ್ತದೆ, ತೀರಾ ಚಿಕ್ಕವು ಸ್ವಲ್ಪ ಒಳಗೂ ಇಳಿಯುತ್ತವೆ. ಕೂದಲು ನಯವಾಗುತ್ತದೆ, ಸಿಕ್ಕು ಬಿಡಿಸುವಾಗ ಕಡಿಮೆ ತುಂಡಾಗುತ್ತದೆ, ಹೊಳಪು ಬರುತ್ತದೆ. ಮಣ್ಣಿನ ನೆಲಕ್ಕೆ ಸಗಣಿ ಸಾರಿಸಿದರೆ ಬಿರುಕು ಮುಚ್ಚಿ ನೆಲ ನಯವಾಗುತ್ತದಲ್ಲ, ನಾಲ್ಕು ದಿನ ಓಡಾಡಿದರೆ ಮತ್ತೆ ಸಾರಿಸಬೇಕಲ್ಲ, ಇದೂ ಅಷ್ಟೇ. ಎರಡು ಮೂರು ತಲೆಸ್ನಾನಕ್ಕೆ ತೊಳೆದುಹೋಗುತ್ತದೆ. ಅದು ಜೀವವಿಲ್ಲದ ಎಳೆಗೆ ಮಾಡುವ ಉಪಚಾರ. ಬುಡಕ್ಕೂ ಅದಕ್ಕೂ ಸಂಬಂಧವಿಲ್ಲ. ಉದುರುವುದನ್ನು ನಿಲ್ಲಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಶಾಂಪೂವಿನಲ್ಲಿ ಪ್ರೋಟೀನ್‌ಗೆ ಹಣ ಕೊಡುವುದಂತೂ ನನಗೆ ಸರಿ ಕಾಣುವುದಿಲ್ಲ. ಶಾಂಪೂ ಇರುವುದೇ ತೊಳೆದು ಬಿಡಲಿಕ್ಕೆ, ಒಂದೆರಡು ನಿಮಿಷದಲ್ಲಿ ಬಚ್ಚಲ ತೂಬಿಗೆ ಹೋಗುತ್ತದೆ. ಕೊಳ್ಳಲೇಬೇಕಿದ್ದರೆ ತೊಳೆದ ಮೇಲೆ ಹಚ್ಚುವ ಕಂಡಿಷನರ್‌ನಲ್ಲಿ ಇರಲಿ, ಅದೂ ತುದಿಯ ಅರ್ಧ ಜಡೆಗೆ ಮಾತ್ರ. ಬಣ್ಣ ಹಾಕದ, ಬಿಸಿ ಇಸ್ತ್ರಿ ಕಾಣದ ಕೂದಲಿಗೆ ಪ್ರೋಟೀನ್ ಮಾಸ್ಕ್ ಮೇಲಿಂದ ಮೇಲೆ ಹಚ್ಚಿದರೆ ಕೆಲವರಿಗೆ ಕೂದಲು ಬಿರುಸಾಗಿ ಕಡ್ಡಿಯಂತಾಗುತ್ತದೆ.

ಈಗ ಅತ್ತೆಯವರ ಡಬ್ಬಿಗಳಿಗೆ ಬರೋಣ. ನಂಜನಗೂಡಿನ ಹಲ್ಲುಪುಡಿ ಇಡೀ ನಾಡಿನ ಮನೆಗಳಿಗೆ ಹೋದ ಸೀಮೆ ನಿಮ್ಮದು, ಗಿಡಮೂಲಿಕೆಯ ಪುಡಿಯ ಮೇಲೆ ಹಿರಿಯರಿಗೆ ಭರವಸೆ ಇರುವುದು ಸಹಜ. ಸೀಗೆ, ಅಂಟುವಾಳ, ಚಿಗರೆಪುಡಿಯಲ್ಲಿ ನೊರೆ ಕೊಡುವ ಸಪೋನಿನ್ ಇದೆ. ಅವು ಜಿಡ್ಡು ತೆಗೆಯುವ ಒಳ್ಳೆಯ ವಸ್ತುಗಳು, ಆದರೆ ಪ್ರೋಟೀನಿನ ಉಪಚಾರವಲ್ಲ. ಮೆಂತ್ಯ ಅರೆದು ಹಚ್ಚಿದಾಗ, ದಾಸವಾಳದ ಸೊಪ್ಪು ಕಿವುಚಿದಾಗ ಬರುವ ನುಣುಪು ಲೋಳೆಯದ್ದು. ಕಂಡಿಷನರ್ ಮಾಡುವ ಕೆಲಸವನ್ನು ಅದು ಬೇರೆ ದಾರಿಯಲ್ಲಿ ಮಾಡುತ್ತದೆ. ಹೆಸರುಹಿಟ್ಟಿನಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಪಾಲು ಪ್ರೋಟೀನ್ ಇದ್ದರೂ ಅದು ಕತ್ತರಿಸದ ಇಡೀ ಪ್ರೋಟೀನ್. ಎಳೆಗೆ ಅಂಟಿ ಕೂರುವುದಿಲ್ಲ, ಎಣ್ಣೆಯನ್ನು ಹೀರಿಕೊಂಡು ನೀರಿನ ಜೊತೆ ಹೊರಟುಹೋಗುತ್ತದೆ. ಎಣ್ಣೆಸ್ನಾನಕ್ಕೆ ನಮ್ಮ ಹಿರಿಯರು ಅದನ್ನು ಆರಿಸಿದ್ದು ಅದಕ್ಕೇ.

ಮೊಬೈಲಿನಲ್ಲಿ ಅಕ್ಕಿ ತೊಳೆದ ನೀರು ಹಚ್ಚುವ ವಿಡಿಯೊಗಳನ್ನು ಮಗಳು ನೋಡಿಯೇ ಇರುತ್ತಾಳೆ. ನೀವು ದನಕ್ಕೆ ಇಡುವ ಕಲಗಚ್ಚೇ ಅದು. ಅಕ್ಕಿಯ ಮುಖ್ಯ ಪ್ರೋಟೀನ್ ಗ್ಲುಟೆಲಿನ್, ಅದು ಬರೀ ನೀರಿನಲ್ಲಿ ಕರಗುವುದಿಲ್ಲ. ಕ್ಷಾರವೋ ಕಿಣ್ವವೋ ಬೇಕು. ತೊಳೆದ ನೀರಿಗೆ ಬರುವುದು ಹೆಚ್ಚಾಗಿ ಗಂಜಿಯ ಪಿಷ್ಟ, ಜೊತೆಗೆ ತೌಡಿನ ಚೂರು. ಹಚ್ಚಿದರೆ ಕೇಡಿಲ್ಲ, ಆದರೆ ಅದನ್ನು ‘ರೈಸ್ ಪ್ರೋಟೀನ್’ ಎಂದುಕೊಳ್ಳುವುದು ಬೇಡ. ದಿನಗಟ್ಟಲೆ ಹುಳಿಯಲು ಬಿಟ್ಟು ಹಚ್ಚುವುದಂತೂ ಬೇಡ. ಕಾಳಿನ ಹಿಟ್ಟು, ಗಂಜಿ ಇವೆಲ್ಲ ನಮಗಿಂತ ಮೊದಲು ಬೂಷ್ಟಿಗೆ ಆಹಾರ. ಆವತ್ತು ಕಲಸಿದ್ದನ್ನು ಆವತ್ತೇ ಮುಗಿಸಬೇಕು.

ಅತ್ತೆಯವರ ಒಂದು ರೂಢಿಯ ಪರ ಮಾತ್ರ ನಾನು ಗಟ್ಟಿಯಾಗಿ ನಿಲ್ಲುತ್ತೇನೆ, ಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚುವುದು. 2003ರಲ್ಲಿ ಮುಂಬೈಯ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ ನೋಡಿದ್ದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಕಳೆದುಹೋಗುವುದನ್ನು ಚೆನ್ನಾಗಿ ತಡೆದದ್ದು ಕೊಬ್ಬರಿ ಎಣ್ಣೆ ಒಂದೇ, ಅದು ಎಳೆಯ ಒಳಕ್ಕೆ ಇಳಿಯಬಲ್ಲದು. ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರು ಎನ್ನುವುದನ್ನೂ ಹೇಳಿಬಿಡಬೇಕು. ಆದರೂ ಎಣ್ಣೆ ಒಳಗಿಳಿಯುವ ಸಂಗತಿ ನಂಬುವಂಥದ್ದೇ. ಹೊರಗಿನಿಂದ ಪ್ರೋಟೀನ್ ಅಂಟಿಸುವ ಮೊದಲು ಒಳಗಿರುವುದನ್ನು ಉಳಿಸಿಕೊಳ್ಳುವ ಈ ಉಪಾಯ ನಿಮ್ಮ ಮನೆಯಲ್ಲೇ ಇದೆ, ಅಜ್ಜಿಯ ಕೈಯಲ್ಲಿ.

ನವೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಮಾಸ್ಕ್ ಇವತ್ತಿನಿಂದಲೇ ಬಂದ್ ಆಗಬೇಕು. ಇಂಥ ನವೆಗೆ ಹೆಚ್ಚಿನ ಸಲ ಕಾರಣ ಸುಗಂಧ ಅಥವಾ ಕೆಡದಂತೆ ಹಾಕುವ ವಸ್ತು. ಆದರೂ ಪ್ರೋಟೀನನ್ನು ಸಂಶಯದಿಂದ ಬಿಡುವಂತಿಲ್ಲ. ಜಪಾನಿನಲ್ಲಿ 2004ರಿಂದ ‘ಚಾ ನೊ ಶಿಜುಕು’ ಎಂಬ ಮುಖ ತೊಳೆಯುವ ಸೋಪು ಲಕ್ಷಾಂತರ ಮನೆಗಳಿಗೆ ಹೋಯಿತು. ಅದರಲ್ಲಿ ಕತ್ತರಿಸಿದ ಗೋಧಿ ಪ್ರೋಟೀನ್ ಇತ್ತು. ದಿನಾ ಮುಖ ತೊಳೆದು, ಚರ್ಮ, ಕಣ್ಣು, ಮೂಗಿನ ಮೂಲಕ ಆ ಗೋಧಿಯ ಪರಿಚಯವಾಗಿ, ಕೆಲವರ ಮೈ ಅದನ್ನು ಶತ್ರು ಎಂದು ತಿಳಿಯಿತು. ಆಮೇಲೆ ಅವರು ಬ್ರೆಡ್ಡು, ನೂಡಲ್ಸ್ ತಿಂದು ನಾಲ್ಕು ಹೆಜ್ಜೆ ಓಡಾಡಿದರೆ ಕಣ್ಣು ಊದುವುದು, ಮೈಯೆಲ್ಲ ದದ್ದು, ಉಸಿರು ಕಟ್ಟುವುದು. ಅದುವರೆಗೆ ಗೋಧಿ ತಿಂದು ಏನೂ ಆಗದವರು ಅವರು. 2011ರಲ್ಲಿ ಸೋಪನ್ನು ವಾಪಸು ಪಡೆದರು. ಖಚಿತವಾದ ಪ್ರಕರಣಗಳೇ 2,000 ದಾಟಿದವು. ಅಲ್ಲಿ ಬಳಸಿದ್ದು ದೊಡ್ಡ ದೊಡ್ಡ ತುಣುಕುಗಳಿದ್ದ ಪ್ರೋಟೀನ್. ಇದಾದ ಮೇಲೆ ಯುರೋಪ್ ಒಕ್ಕೂಟ 2017ರಲ್ಲಿ, ಸೌಂದರ್ಯ ಸಾಮಗ್ರಿಗೆ ಹಾಕುವ ಗೋಧಿ ಪ್ರೋಟೀನಿನ ತುಣುಕುಗಳು ಸರಾಸರಿ 3,500 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ ಇದು) ದೊಡ್ಡದಿರಬಾರದು ಎಂದು ಕಟ್ಟಳೆ ಮಾಡಿತು.

ಇದನ್ನು ಹೆದರಿಸಲಿಕ್ಕೆ ಹೇಳುತ್ತಿಲ್ಲ, ಅಂಥದ್ದು ಅಪರೂಪ. ಆದರೆ ಒಂದು ಪ್ರಶ್ನೆ ನೀವು ಮಗಳಿಗೆ ಕೇಳಲೇಬೇಕು: ಈ ಶಾಂಪೂ, ಮಾಸ್ಕ್, ಸೀರಮ್ ಹಚ್ಚಲು ಶುರುಮಾಡಿದ ಮೇಲೆ ಹಾಸ್ಟೆಲಿನಲ್ಲಿ ಚಪಾತಿ, ಪೂರಿ, ಸೋಯಾ ತಿಂದಾಗ ತುಟಿ ಊದುವುದು, ಮೈಮೇಲೆ ಗಂಧೆ ಏಳುವುದು, ಎದೆ ಹಿಡಿದಂತಾಗುವುದು ಏನಾದರೂ ಆಯಿತೇ? ಹೌದೆಂದರೆ ಕಾಯದೆ ಚರ್ಮವೈದ್ಯರನ್ನು ಕಾಣಬೇಕು, ಆವರೆಗೆ ಆ ತಿಂಡಿ ಬೇಡ. ಉಸಿರಾಟಕ್ಕೆ ತೊಂದರೆಯಾದರೆ ಆ ಕ್ಷಣವೇ ಆಸ್ಪತ್ರೆ. ಇಲ್ಲವೆಂದರೆ ಮಾಸ್ಕ್ ಬಿಟ್ಟರೆ ನವೆ ಹೋಗಬೇಕು. ಮುಂದೆ ಯಾವ ಹೊಸ ಕ್ರೀಮು ತಂದರೂ ಮೊಣಕೈ ಒಳಮಡಿಕೆಯಲ್ಲಿ ನಾಲ್ಕೈದು ದಿನ ಸ್ವಲ್ಪ ಸ್ವಲ್ಪ ಹಚ್ಚಿ ನೋಡಿಯೇ ತಲೆಗೆ, ಮುಖಕ್ಕೆ ಹೋಗಲಿ.

ಮುಖದ ಸೀರಮ್ ಬಗ್ಗೆ ಹೇಳಲು ಹೆಚ್ಚಿಲ್ಲ. ಚರ್ಮದ ಮೇಲ್ಪದರ ಸುಮಾರು 500 ಡಾಲ್ಟನ್ ಮೀರಿದ ಅಣುಗಳನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಪ್ರೋಟೀನ್ ತುಣುಕುಗಳು ಹೆಚ್ಚಾಗಿ ಅದಕ್ಕಿಂತ ದೊಡ್ಡವು. ಅವು ಮೇಲೆ ನಿಂತು ತೇವ ಹಿಡಿಯುತ್ತವೆ, ಚರ್ಮ ಮೆತ್ತಗೆ ಕಾಣುತ್ತದೆ. ಇಪ್ಪತ್ತರ ಹುಡುಗಿಗೆ ಅದಕ್ಕಿಂತ ಒಂದು ಸಾದಾ ಮಾಯಿಶ್ಚರೈಸರ್, ಬಿಸಿಲಿಗೆ ಸನ್‌ಸ್ಕ್ರೀನ್ ಮೇಲು. ಕಡಲೆಹಿಟ್ಟಿನಿಂದ ದಿನಾ ಉಜ್ಜುವುದೂ ಬೇಡ, ಒಣ ಚರ್ಮವನ್ನು ಅದು ಇನ್ನಷ್ಟು ಒಣಗಿಸುತ್ತದೆ.

ಪಾರ್ಲರ್‌ಗೆ ಮಾತ್ರ ನನ್ನ ಉತ್ತರ ಸ್ಪಷ್ಟ: ಬೇಡ. ಬಾಟಲಿಯ ಪ್ರೋಟೀನಿಗೂ ಅಲ್ಲಿ ನಡೆಯುವುದಕ್ಕೂ ಹೋಲಿಕೆಯೇ ಇಲ್ಲ. ಗುಂಗುರು ಕೂದಲನ್ನು ತಿಂಗಳುಗಟ್ಟಲೆ ನೇರ ಮಾಡಿ ನಿಲ್ಲಿಸುವ ಶಕ್ತಿ ಗೋಧಿಗೂ ಇಲ್ಲ, ಅಕ್ಕಿಗೂ ಇಲ್ಲ. ನೇರ ಮಾಡುವುದು ಅದರ ಜೊತೆಗಿರುವ ರಾಸಾಯನಿಕ ಮತ್ತು 200 ಡಿಗ್ರಿ ಮುಟ್ಟುವ ಇಸ್ತ್ರಿ. ಮೊದಲೆಲ್ಲ ಫಾರ್ಮಾಲ್ಡಿಹೈಡ್ ಬಳಸುತ್ತಿದ್ದರು. ಅದು ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ನಿರ್ಣಯಿಸಿದ ಮೇಲೆ ‘ಫಾರ್ಮಾಲ್ಡಿಹೈಡ್ ಇಲ್ಲ’ ಎನ್ನುವ ಕ್ರೀಮುಗಳು ಬಂದವು. ಅವುಗಳಲ್ಲಿ ಹಲವಕ್ಕೆ ಗ್ಲೈಆಕ್ಸಿಲಿಕ್ ಆ್ಯಸಿಡ್ ಹಾಕುತ್ತಾರೆ. ತಲೆಯ ಚರ್ಮದಿಂದ ಒಳಸೇರಿದರೆ ಅದು ಮೈಯಲ್ಲಿ ಆಕ್ಸಲೇಟ್ ಆಗಿ, ಕ್ಯಾಲ್ಸಿಯಂ ಜೊತೆ ಹರಳುಗಟ್ಟಿ ಕಿಡ್ನಿಯಲ್ಲಿ ಕೂರುತ್ತದೆ. ಇಸ್ರೇಲಿನ ವೈದ್ಯರು 2019ರಿಂದ 2022ರೊಳಗೆ ಕೂದಲು ನೇರ ಮಾಡಿಸಿಕೊಂಡ ಬಳಿಕ ಕಿಡ್ನಿ ಪೆಟ್ಟು ತಿಂದ 26 ಜನರ ವಿವರ ದಾಖಲಿಸಿದ್ದಾರೆ. 2024ರಲ್ಲಿ ಫ್ರಾನ್ಸಿನ ವೈದ್ಯರು 26 ವರ್ಷದ ಒಬ್ಬ ಹೆಣ್ಣುಮಗಳ ಬಗ್ಗೆ ಬರೆದರು. ಮೂರು ಸಲ ಪಾರ್ಲರ್‌ಗೆ ಹೋದಳು, ಮೂರು ಸಲವೂ ವಾಂತಿ, ಜ್ವರ, ಬೆನ್ನುನೋವು, ಕಿಡ್ನಿಯ ಕೆಲಸ ಕುಗ್ಗಿತು. ಅದೃಷ್ಟಕ್ಕೆ ಚೇತರಿಸಿಕೊಂಡಳು. ಡೆಂಗಿಯಿಂದ ಎದ್ದು ಸರಿಯಾಗಿ ಊಟ ಮಾಡದ ಹುಡುಗಿಯನ್ನು ಈ ಕುರ್ಚಿಯಲ್ಲಿ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಉದುರುತ್ತಿರುವ ಕೂದಲನ್ನು ಎಳೆದು ಇಸ್ತ್ರಿ ಮಾಡಿದರೆ ಇನ್ನಷ್ಟು ಕೈಗೆ ಬರುವುದಂತೂ ಖಂಡಿತ. ‘ಕೆಮಿಕಲ್ಲೇ ಇಲ್ಲ’ ಎಂದವರ ಹತ್ತಿರ ಡಬ್ಬಿಯ ಹಿಂಬದಿಯ ಪಟ್ಟಿಯನ್ನು ಫೋಟೊ ತೆಗೆಯಲು ಕೇಳಲಿ. ಕೊಡಲು ಹಿಂಜರಿದರೆ ಅವಳಿಗೇ ಅರ್ಥವಾಗುತ್ತದೆ.

ಮದುವೆಗೆ ಏನು ಮಾಡಬೇಕು? ಜಡೆಯ ತುದಿ ಮೂರು ಬೆರಳಿನಷ್ಟು ಕತ್ತರಿಸಿ, ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ, ಬೆಳಿಗ್ಗೆ ಒಗ್ಗುವ ಶಾಂಪೂ, ಮೇಲೆ ಕಂಡಿಷನರ್. ಕೂದಲು ಅರ್ಧ ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆ. ಮೊಗ್ಗಿನ ಜಡೆ ಬೇಕೆಂದರೆ ಬುಡಕ್ಕೆ ಬಿಗಿಯಾಗಿ ಎಳೆಯದೆ ಹಾಕಿಸಿ. ಹಾಸ್ಟೆಲಿನಲ್ಲಿ ಗಡಸು ನೀರಿದ್ದರೆ ಸೋಪನ್ನು ತಲೆಗೆ ಹಚ್ಚದಿರಲಿ.

ಉಳಿಯುವ ಆರೂವರೆ ಸಾವಿರದ ಮಾತು ಈಗ. ಅದರಲ್ಲಿ ಮೊದಲ ಖರ್ಚು ರಕ್ತ ಪರೀಕ್ಷೆಗೆ ಹೋಗಲಿ. ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಥೈರಾಯ್ಡ್‌ಗೆ ಟಿ.ಎಸ್.ಎಚ್. ಅನ್ನು ಕೇಳಿ. ಮಾಂಸ ಮೊಟ್ಟೆ ತಿನ್ನದ ಮನೆಯಾದ್ದರಿಂದ ಬಿ-12ರ ಮಟ್ಟವನ್ನೂ ನೋಡಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಕೂದಲು ಉದುರುತ್ತಿದೆ ಎಂದು ಬರುವ ಹುಡುಗಿಯರಲ್ಲಿ ಈ ಕೊರತೆಯನ್ನು ಮೊದಲು ನೋಡಬೇಕಾದದ್ದು ಅದಕ್ಕೇ. ನಂಜನಗೂಡಿನ ತಾಲ್ಲೂಕು ಆಸ್ಪತ್ರೆಯಲ್ಲಿ ಶುರುಮಾಡಿ. ಚರ್ಮವಿಭಾಗ ಬೇಕಾದರೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆ ಎರಡೂ ಅವಳಿಗೆ ಹತ್ತಿರ.

ಎರಡನೆಯದು ಅವಳ ತಟ್ಟೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) 2020ರಲ್ಲಿ ಹೇಳಿದಂತೆ ಮೈತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಮ್ ಪ್ರೋಟೀನ್ ಬೇಕು. ಐವತ್ತು ಕಿಲೋ ಹುಡುಗಿಗೆ ನಲವತ್ತೊಂದು ನಲವತ್ತೆರಡು ಗ್ರಾಮ್. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನಕ್ಕೆ ತೆಳ್ಳನೆ ಸಾಂಬಾರು, ರಾತ್ರಿ ಏನಿಲ್ಲ ಎಂದರೆ ಅದರ ಅರ್ಧ ಮುಟ್ಟುವುದೂ ಕಷ್ಟ. 100 ಗ್ರಾಮ್ ಅಕ್ಕಿಯಲ್ಲಿ ಪ್ರೋಟೀನ್ ಏಳೆಂಟು ಗ್ರಾಮ್, ರಾಗಿಯಲ್ಲೂ ಏಳರ ಸುಮಾರು. ಹುರಳಿ, ಹೆಸರು, ಅವರೆಯಲ್ಲಿ ಇಪ್ಪತ್ತರ ಮೇಲೆ, ಕಡಲೆಕಾಯಿ ಬೀಜದಲ್ಲಿ ಇಪ್ಪತ್ತೈದರ ಹತ್ತಿರ. ಧಾನ್ಯದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಬೇಳೆಕಾಳಿನಲ್ಲಿ ಕೂದಲಿಗೆ ಬೇಕಾದ ಗಂಧಕದ ಅಮೈನೊ ಆಮ್ಲ ಕಡಿಮೆ. ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆಗೆ ಹುರಳಿಕಟ್ಟಿನ ಸಾರು, ಅನ್ನಕ್ಕೆ ಮೊಳಕೆಕಾಳಿನ ಸಾರು, ಸೊಪ್ಪು ಕಾಳು ಹಾಕಿದ ಬಸ್ಸಾರು ಇವೆಲ್ಲ ಆ ಜೋಡಿಯೇ. ಹುರಳಿಕಟ್ಟು ಮಾಡುವಾಗ ನೀರು ಮಾತ್ರ ಬಡಿಸದೆ ಬೆಂದ ಕಾಳೂ ಅವಳ ತಟ್ಟೆಗೆ ಬೀಳಲಿ, ಪ್ರೋಟೀನ್ ಹೆಚ್ಚು ಉಳಿಯುವುದು ಕಾಳಿನಲ್ಲಿ. ಊಟವಾದ ಕೂಡಲೇ ಕಾಫಿ, ಟೀ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣು ಹಿಂಡಿಕೊಂಡರೆ ಒಳ್ಳೆಯದು.

ಗಿಡದ ಪ್ರೋಟೀನ್ ಎನ್ನುವ ಮಾತು ಮೈಸೂರಿಗೆ ಹೊಸದಲ್ಲ ಎಂದು ಮಗಳಿಗೆ ಹೇಳಿ. 1950ರಲ್ಲಿ ಅಲ್ಲಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ತನ್ನ ಮೊದಲ ವರ್ಷಗಳಲ್ಲೇ ಕೈಹಾಕಿದ್ದು ಈ ಕೆಲಸಕ್ಕೆ. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು, ಕಡಲೆಹಿಟ್ಟು ಕಾಲು ಪಾಲು ಸೇರಿಸಿ, ವಿಟಮಿನ್, ಸುಣ್ಣದ ಅಂಶ ಬೆರೆಸಿ ‘ಮಲ್ಟಿಪರ್ಪಸ್ ಫುಡ್’ ಮಾಡಿದರು. ಮೊದಲ ನಿರ್ದೇಶಕರಾಗಿದ್ದ ಡಾ. ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ ಹಾಲು ಸಿಗದ ಮಕ್ಕಳ ಹೊಟ್ಟೆಗೆ ಅಗ್ಗದ ಪ್ರೋಟೀನ್ ತಲುಪಿಸುವುದು ದೊಡ್ಡ ಕಾಳಜಿಯಾಗಿತ್ತು. ಅದೇ ಊರಿನಲ್ಲಿ ಓದುವ ಹುಡುಗಿ ಗೋಧಿ ಪ್ರೋಟೀನನ್ನು ಕೂದಲಿಗೆ ಹಚ್ಚಿ ಹಸಿದು ಮಲಗುತ್ತಾಳೆ ಎನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಹಾಸ್ಟೆಲಿಗೆ ಕಳಿಸಲು ಒಲೆ ಬೇಕಿಲ್ಲದ್ದನ್ನು ಆರಿಸಿ. ಹುರಿಗಡಲೆ, ಹುರಿದ ಕಡಲೆಕಾಯಿ ಬೀಜ ಸೇರಿ ಒಂದು ದೊಡ್ಡ ಹಿಡಿ ತಿಂದರೆ ಏಳೆಂಟು ಗ್ರಾಮ್ ಆಯಿತು. ಒಂದು ಲೋಟ ಹಾಲು ಅಥವಾ ಒಂದು ಬಟ್ಟಲು ಗಟ್ಟಿ ಮೊಸರಿನಿಂದ ಆರೇಳು. ಹೆಸರುಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು ಹಾಸ್ಟೆಲ್ ಕೋಣೆಯಲ್ಲೂ ಆಗುತ್ತದೆ. ಹುರಿಹಿಟ್ಟು ಮಾಡುವುದಾದರೆ ಬರೀ ರಾಗಿಗೆ ನಿಲ್ಲಿಸದೆ ಹುರಿದ ಹೆಸರು, ಹುರಿಗಡಲೆ, ಕಡಲೆಕಾಯಿ ಬೀಜ ಹಾಕಿ. ಸುತ್ತೂರಿನಲ್ಲೇ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರ ಇದೆ, ಕಾಳು ಮತ್ತು ಸಿರಿಧಾನ್ಯದ ತಿನಿಸುಗಳ ಬಗ್ಗೆ ಅಲ್ಲಿ ವಿಚಾರಿಸಿ. ನಿಮ್ಮೂರ ಜಾತ್ರೆಯ ಹೊತ್ತಿಗೆ ಸೊಗಡವರೆಯೂ ಇನ್ನೂ ಇರುತ್ತದೆ, ಅವಳು ಬಂದಾಗ ಹಿತಕಿದ ಬೇಳೆ ಸಾರು ಮಾಡಿ.

ದಪ್ಪಗಾಗುತ್ತೇನೆ ಎನ್ನುವ ಮಾತಿಗೆ ಬೈಯಬೇಡಿ, ನಗಬೇಡಿ. ಯಾರು ಅವಳಿಗೆ ಹಾಗೆ ಹೇಳಿದರು ಎಂದು ಕೇಳಿ. ಕನ್ನಡಿಯ ಮುಂದೆ ಕೂರುವುದು ಹೆಚ್ಚಾಗಿದ್ದರೆ, ತಿಂದ ಮೇಲೆ ಬೇಸರಪಟ್ಟುಕೊಂಡರೆ, ತಿಂಗಳ ಮುಟ್ಟು ತಪ್ಪಿದ್ದರೆ, ಅದು ಕೂದಲಿನ ಸಮಸ್ಯೆಯನ್ನು ಮೀರಿದ್ದು. ಆಗ ವೈದ್ಯರ ಜೊತೆ ಆಪ್ತಸಮಾಲೋಚಕರನ್ನೂ ಕಾಣಿಸಬೇಕು. ಅಜ್ಜಿಯ ಮುಂದೆ ಈ ಮಾತು ತೆಗೆಯಬೇಡಿ, ನೀವಿಬ್ಬರೇ ಇದ್ದಾಗ, ಅವಳ ತಲೆಗೆ ಎಣ್ಣೆ ಹಚ್ಚುತ್ತಾ ಮಾತಾಡಿ. ಮುಖ ನೋಡಿ ಹೇಳಲಾಗದ್ದು ಆಗ ಹೊರಬರುತ್ತದೆ.

ಪರೀಕ್ಷೆಗೆ ಈ ಶನಿವಾರವೇ ಕರೆದುಕೊಂಡು ಹೋಗಿ. ಡೆಂಗಿಯಾದ ತಾರೀಖು, ಕೂದಲು ಉದುರಲು ಶುರುವಾದ ವಾರ, ಮುಟ್ಟಿನ ತಾರೀಖು ಇವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಮಾಸ್ಕ್ ಡಬ್ಬಿಯನ್ನು ಎಸೆಯದೆ ಜೊತೆಗೆ ಒಯ್ದು, ನವೆ ಬಂದದ್ದನ್ನು ಡಾಕ್ಟರಿಗೆ ತೋರಿಸಿ. ತಲೆಯಲ್ಲಿ ದುಂಡಗೆ ಬೋಳಾದ ಜಾಗ ಕಂಡರೆ, ಬೈತಲೆ ಅಗಲವಾಗುತ್ತಿದ್ದರೆ, ಹೊಟ್ಟು ಹುಣ್ಣು ಇದ್ದರೆ ಅದನ್ನೂ ಹೇಳಿ, ಅವಕ್ಕೆ ಚಿಕಿತ್ಸೆ ಬೇರೆ. ಕಬ್ಬಿಣದ ಮಾತ್ರೆ ಕೊಟ್ಟರೆ ಹಿಮೋಗ್ಲೋಬಿನ್ ಸರಿಹೋಯಿತೆಂದು ನಡುವೆ ನಿಲ್ಲಿಸಬೇಡಿ, ದಾಸ್ತಾನು ತುಂಬಲು ಇನ್ನೂ ಕೆಲವು ತಿಂಗಳು ಬೇಕಾಗುತ್ತದೆ. ವರದಿ ಕೈಗೆ ಬಂದ ಮೇಲೆ ಫೆರಿಟಿನ್ ಎಷ್ಟಿದೆ ಎಂದು ನನಗೂ ಬರೆಯಿರಿ.